ತಡೆಯೋರೇ ಇಲ್ವಾ?

ತಂಗಿ, ಅಮೆರಿಕಕ್ಕೆ ಬಂದು ಮೂರು ವಾರವಾಯಿತು ಅಂದೆ ನೀನು. ಹಾಸನದಿಂದ ಅಪ್ಪ ಫೋನ್ ಮಾಡಿದಾಗಲೆಲ್ಲ, "ಅಲ್ಲಿ ಪ್ರೆಸಿಡೆಂಟ್ ಮನಸ್ಸು ಬಂದಾಗ ಯುದ್ಧ ಶುರು ಮಾಡ್ತಾರಂತೆ, ತಡೆಯೋರೇ ಇಲ್ವಾ?" ಎಂದು ಕೇಳುತ್ತಾರೆ, ಏನು ಹೇಳಲಿ ಎಂದು ಬರೆದಿದ್ದೀಯ.

ತಡೆಯುವ ಅಧಿಕಾರ ಕಾಂಗ್ರೆಸ್‌ಗೆ ಇದೆ. ಕಾಂಗ್ರೆಸ್ ಅಂದರೆ ಪಕ್ಷವಲ್ಲ, ಇಲ್ಲಿನ ಪಾರ್ಲಿಮೆಂಟು. ಅಪ್ಪನಿಗೆ ಅದನ್ನು ಮೊದಲು ಬಿಡಿಸಿ ಹೇಳು. ಸೇನೆ ಪ್ರೆಸಿಡೆಂಟ್ ಕೈಯಲ್ಲಿದ್ದರೂ ಸಂವಿಧಾನದ ಪ್ರಕಾರ ಯುದ್ಧ ಸಾರುವುದು ಕಾಂಗ್ರೆಸ್ಸೇ. ಆದರೆ ಅದು ಹಾಗೆ ಕೊನೆಯ ಸಲ ಯುದ್ಧ ಸಾರಿದ್ದು 1942ರಲ್ಲಿ. ಕೊರಿಯಾ, ವಿಯೆಟ್ನಾಂ, ಇರಾಕ್ ಎಲ್ಲ ಆಮೇಲಿನವು.

ವಿಯೆಟ್ನಾಂನಲ್ಲಿ ಕೈ ಸುಟ್ಟುಕೊಂಡ ಮೇಲೆ 1973ರಲ್ಲಿ ಒಂದು ಕಾನೂನು ಮಾಡಿದರು. ಆಗಿನ ಪ್ರೆಸಿಡೆಂಟ್ ನಿಕ್ಸನ್ ವೀಟೋ ಹಾಕಿದರು, ಅಂದರೆ ಸಹಿ ಹಾಕದೆ ತಡೆದರು. ಎರಡೂ ಸದನಗಳು ಮೂರನೇ ಎರಡರಷ್ಟು ಮತದಿಂದ ಅದನ್ನು ಮೀರಿದವು. ಸೇನೆಯನ್ನು ಕದನಕ್ಕೆ ಇಳಿಸಿದರೆ 48 ಗಂಟೆಯೊಳಗೆ ಪ್ರೆಸಿಡೆಂಟ್ ಕಾಂಗ್ರೆಸ್‌ಗೆ ಲಿಖಿತವಾಗಿ ತಿಳಿಸಬೇಕು. ಕಾಂಗ್ರೆಸ್ ಒಪ್ಪದಿದ್ದರೆ 60 ದಿನಕ್ಕೆ ನಿಲ್ಲಿಸಬೇಕು. ಸೈನಿಕರನ್ನು ಸುರಕ್ಷಿತವಾಗಿ ವಾಪಸ್ ಕರೆಸಲು ಜಾಸ್ತಿ ಅಂದರೆ ಇನ್ನೂ 30 ದಿನ.

ನುಣುಚಿಕೊಳ್ಳಲು ದಾರಿಯೂ ಇದೆ. 2011ರಲ್ಲಿ ಲಿಬಿಯಾದಲ್ಲಿ 60 ದಿನ ದಾಟಿದಾಗ, ಇದು ಆ ಕಾನೂನು ಹೇಳುವ ಕದನವೇ ಅಲ್ಲ ಎಂದು ಒಬಾಮಾ ಸರ್ಕಾರ ವಾದಿಸಿತು. ಬಾಂಬ್ ಬೀಳುವಾಗ ಅದನ್ನು ಕದನವಲ್ಲ ಅನ್ನುವುದು ನನಗೆ ತಪ್ಪಾಗಿಯೇ ಕಂಡಿತು. 2019ರಲ್ಲಿ ಯೆಮನ್ ಯುದ್ಧಕ್ಕೆ ಕೊಡುವ ನೆರವು ನಿಲ್ಲಿಸಿ ಎಂದು ಎರಡೂ ಸದನ ಹೇಳಿದವು. ಟ್ರಂಪ್ ವೀಟೋ ಹಾಕಿದರು. ಅದನ್ನು ಮೀರುವಷ್ಟು ಮತ ಸಿಗಲಿಲ್ಲ.

ನಾನು ಮರೆಯದ್ದು 2001ರ ಸೆಪ್ಟೆಂಬರ್. ಆಗ ನಾನು ಓಕ್ಲೆಂಡ್‌ನಲ್ಲಿ ಬಾಡಿಗೆಗಿದ್ದೆ. ನ್ಯೂಯಾರ್ಕ್‌ನ ಅವಳಿ ಗೋಪುರಗಳ ಮೇಲೆ ದಾಳಿಯಾಗಿ ಮೂರೇ ದಿನಕ್ಕೆ, ಅದರ ಹಿಂದಿದ್ದವರ ಮೇಲೆ ಸೇನೆ ಬಳಸಲು ಪ್ರೆಸಿಡೆಂಟ್‌ಗೆ ಅನುಮತಿ ಕೊಡುವ ನಿರ್ಣಯ ಬಂತು. ಯಾವ ದೇಶ ಎಂದಿಲ್ಲ, ಎಷ್ಟು ದಿನ ಎಂದಿಲ್ಲ. ಸೆನೆಟ್‌ನಲ್ಲಿ 98–0. ಕೆಳಮನೆಯಲ್ಲಿ 420–1. ಆ ಒಂದು ಮತ ನಮ್ಮ ಓಕ್ಲೆಂಡ್‌ನ ಬಾರ್ಬರಾ ಲೀ ಅವರದು. ಕೊಲೆ ಬೆದರಿಕೆ ಬಂತು, ಪೊಲೀಸ್ ಕಾವಲು ಹಾಕಬೇಕಾಯಿತು. ಅದೇ ನಿರ್ಣಯವನ್ನು ಮುಂದೆ ಬಂದ ಪ್ರೆಸಿಡೆಂಟ್‌ಗಳು ದೇಶದಿಂದ ದೇಶಕ್ಕೆ ಎಳೆದರು. 2014ರಲ್ಲಿ ಐಸಿಸ್ ಉಗ್ರರ ಮೇಲಿನ ದಾಳಿಗೂ ಅದನ್ನೇ ಮುಂದಿಟ್ಟರು. 2001ರಲ್ಲಿ ಐಸಿಸ್ ಎಂಬ ಹೆಸರನ್ನು ಯಾರು ಕೇಳಿದ್ದರು?

ಕಾಂಗ್ರೆಸ್ ಮನಸ್ಸು ಮಾಡಿದರೆ ಆಗುತ್ತದೆ, ತಂಗಿ. ದುಡ್ಡಿನ ಚೀಲ ಅದರ ಕೈಯಲ್ಲಿದೆ. 1973ರಲ್ಲಿ ಹಣ ನಿಲ್ಲಿಸಿತು, ಆಗಸ್ಟ್ 15ಕ್ಕೆ ಕಾಂಬೋಡಿಯಾ ಮೇಲಿನ ಬಾಂಬ್ ದಾಳಿ ನಿಂತಿತು. ಅಪ್ಪನಿಗೆ ಇದನ್ನೂ ಹೇಳು.

ನಿನಗೆ ಇಲ್ಲಿ ವೋಟಿಲ್ಲ. ಆದರೂ ನಿನ್ನ ಜಿಪ್ ಕೋಡ್ ಹಾಕಿ ನಿಮ್ಮ ಪ್ರತಿನಿಧಿ ಯಾರು ಎಂದು ನೋಡು, ಅವರು ಯಾವುದಕ್ಕೆ ಮತ ಹಾಕಿದ್ದಾರೆ ಎಂದೂ ನೋಡು. ಅವರ ಕಚೇರಿಗೆ ಫೋನ್ ಮಾಡಲು ಸಿಟಿಜನ್ ಆಗಿರಬೇಕೆಂದಿಲ್ಲ. ಇದು ಗೊತ್ತಿಲ್ಲದೆ ನಾನು ಎಷ್ಟೋ ವರ್ಷ ಸುಮ್ನೆ ಕೂತಿದ್ದೆ.