ಕಂಬಿ ಏರಿಸುವ ಮುನ್ನ

ಪ್ರಶ್ನೆ: ಆರೈಕೆ ಕೇಂದ್ರದಲ್ಲಿರುವ ಅಮ್ಮ ಎರಡು ಸಲ ಮಂಚದಿಂದ ಬಿದ್ದರು. ಈಗ ರಾತ್ರಿಯಿಡೀ ಎರಡೂ ಬದಿಯ ಕಂಬಿ ಏರಿಸಿರುತ್ತಾರೆ. ಕೇಳಿದರೆ ‘ಅವರ ಸುರಕ್ಷತೆಗೇ’ ಎನ್ನುತ್ತಾರೆ. ಇದರಲ್ಲಿ ಹಕ್ಕಿನ ಮಾತು ಬರುತ್ತದೆಯೇ?

ಉತ್ತರ: ಬಾರದೇ ಏನು? ಇಳಿಯಬೇಕು ಎನ್ನುವವರನ್ನು ಇಳಿಯಗೊಡದಿದ್ದರೆ ಅದು ಬಂಧನವೇ, ಕಂಬಿಯಾದರೇನು, ಹಗ್ಗವಾದರೇನು. ನಿದ್ದೆಯಲ್ಲಿ ಉರುಳದಿರಲಿ ಎಂದು ಅಮ್ಮನೇ ಕೇಳಿ ಹಾಕಿಸಿಕೊಂಡಿದ್ದರೆ ಮಾತು ಬೇರೆ.

ಸುರಕ್ಷತೆಯ ವಾದವೂ ಅರ್ಧವೇ ನಿಜ. ಎದ್ದು ಓಡಾಡಬಲ್ಲವರು, ಅದರಲ್ಲೂ ಮರೆವಿನ ಕಾಯಿಲೆಯವರು, ಕಂಬಿ ಹತ್ತಿ ದಾಟಲು ನೋಡುತ್ತಾರೆ. ಬಿದ್ದರೆ ಇನ್ನೂ ಎತ್ತರದಿಂದ ಬೀಳುತ್ತಾರೆ. ಕಂಬಿಗೂ ಹಾಸಿಗೆಗೂ ನಡುವೆ ಕುತ್ತಿಗೆ ಸಿಕ್ಕಿ ಉಸಿರುಗಟ್ಟಿ ಸತ್ತವರೂ ಇದ್ದಾರೆ. ತಲೆ ತೂರಬಹುದಾದ ಸಂದು 120 ಮಿ.ಮೀ.ಗಿಂತ ಕಡಿಮೆ ಇರಬೇಕೆನ್ನುತ್ತದೆ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯ 2006ರ ಮಾರ್ಗಸೂಚಿ. ಹಳೆಯ ಹಾಸಿಗೆಯ ಅಂಚು ಕುಸಿದು ಸಂದು ಹಿಗ್ಗಿರುತ್ತದೆ, ಆದ್ದರಿಂದ ಅಂಚನ್ನು ಕೈಯಿಂದ ಒತ್ತಿ ಹಿಡಿದು ಅಳೆಯಿರಿ.

ಅಮ್ಮ ರಾತ್ರಿ ಏಳುವುದಾದರೂ ಏಕೆ? ಅದನ್ನು ಯಾರೂ ಕೇಳಿದಂತಿಲ್ಲ. ಮೂರು-ನಾಲ್ಕು ರಾತ್ರಿ ಅವರು ಎದ್ದ ಹೊತ್ತನ್ನು ಬರೆದಿಡಲು ಹೇಳಿ. ಬಹಳ ಸಲ ಕಾರಣ ಮೂತ್ರ. ಹಾಗಿದ್ದರೆ ಆ ಹೊತ್ತಿಗೆ ತುಸು ಮೊದಲೇ ಎಬ್ಬಿಸಿ ಕರೆದೊಯ್ದರೆ ಆಯಿತು. ಮೂತ್ರ ಹೆಚ್ಚಿಸುವ ಮಾತ್ರೆ ಸಂಜೆಗಿದ್ದರೆ ಬೆಳಗ್ಗೆಗೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ. ಮಂಚವನ್ನು ಆದಷ್ಟು ತಗ್ಗಿಸಲಿ, ಕರೆಗಂಟೆ ಕೈಗೆಟುಕಲಿ, ಕಾಲ ಬಳಿ ಮಂದ ದೀಪ ಇರಲಿ. ಮಂಚದ ಪಕ್ಕ ಮೆತ್ತನೆಯ ಹಾಸು ಹಾಕುತ್ತಾರಲ್ಲ, ನಡೆಯಬಲ್ಲವರು ಅದಕ್ಕೇ ಎಡವುತ್ತಾರೆ, ಜೋಕೆ.

ಇಷ್ಟಾದರೂ ಕಂಬಿಯೇ ಬೇಕೆಂದರೆ ಯಾರು ನಿರ್ಧರಿಸಿದರು, ಏಕೆ, ಬೇರೇನು ಮಾಡಿ ನೋಡಿದರು, ಮತ್ತೆ ಯಾವ ದಿನ ಪರಿಶೀಲಿಸುತ್ತಾರೆ ಎಂಬುದು ಕಡತದಲ್ಲಿರಲಿ. ಕೊನೆಯದನ್ನೇ ಮರೆಯುತ್ತಾರೆ, ಒಂದು ರಾತ್ರಿಗೆಂದು ಏರಿಸಿದ ಕಂಬಿ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ‘ರಾತ್ರಿ ಪಾಳಿಗೆ ಜನ ಸಾಲದು’ ಎಂದರೆ ಒಪ್ಪಬೇಡಿ. ಅದು ಕೇಂದ್ರದ ತೊಂದರೆ, ಅಮ್ಮನದಲ್ಲ.

ಪ್ರಶ್ನೆ: ತಾತ ಮಾತ್ರೆ ಬೇಡವೆಂದು ಉಗಿಯುತ್ತಾರೆ. ಪುಡಿ ಮಾಡಿ ಊಟದಲ್ಲಿ ಬೆರೆಸಿ ಕೊಡುತ್ತಿದ್ದೇವೆ. ತಪ್ಪೇ?

ಉತ್ತರ: ಮೊದಲು ಪುಡಿ ಮಾಡುವುದನ್ನು ನಿಲ್ಲಿಸಿ, ಔಷಧ ಅಂಗಡಿಯವರಿಗೆ ಮಾತ್ರೆಯ ಪಟ್ಟಿ ತೋರಿಸಿ. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಯನ್ನು ಪುಡಿ ಮಾಡಿದರೆ ದಿನವಿಡೀ ಸೇರಬೇಕಾದ ಔಷಧ ಒಮ್ಮೆಗೇ ಮೈ ಸೇರುತ್ತದೆ.

ಇನ್ನು ಹಕ್ಕಿನ ವಿಷಯ. ಮಾತ್ರೆ ಯಾಕೆ, ಬಿಟ್ಟರೆ ಏನಾಗುತ್ತದೆ ಎಂಬುದು ಅವರಿಗೆ ಅರ್ಥವಾಗಿ, ನಿರ್ಧರಿಸುವಷ್ಟು ಹೊತ್ತು ನೆನಪಿದ್ದು, ತೂಗಿ ನೋಡಿ ಮಾತಿನಲ್ಲೋ ಸನ್ನೆಯಲ್ಲೋ ‘ಬೇಡ’ ಎಂದರೆ ಅದು ಅವರ ನಿರ್ಧಾರ. ಕದ್ದು ಕೊಡುವಂತಿಲ್ಲ. ಕನ್ನಡಕ, ಶ್ರವಣಯಂತ್ರ ಹಾಕಿಸಿ, ಮನಸ್ಸು ತಿಳಿಯಾಗಿರುವ ಹೊತ್ತಿನಲ್ಲಿ ಕೇಳಿ. ನಿರ್ಧರಿಸಲು ಇಂಥ ನೆರವು ಸಿಗಬೇಕೆಂದೇ ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಉಗಿಯಲು ಕಹಿಯೋ, ನುಂಗಲು ಕಷ್ಟವೋ ಕಾರಣವಾಗಿರಬಹುದು. ದ್ರವರೂಪದ ಔಷಧದಿಂದ ಎಷ್ಟೋ ಜಗಳ ಮುಗಿಯುತ್ತವೆ.

ಪ್ರಶ್ನೆ: ಅಪ್ಪ ಎದುರಿಗಿದ್ದರೂ ವೈದ್ಯರು ನನ್ನೊಡನೆಯೇ ಮಾತಾಡುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಕುರ್ಚಿಯನ್ನು ಅಪ್ಪನ ಹಿಂದಕ್ಕೆ ಸರಿಸಿಕೊಳ್ಳಿ. ಪ್ರಶ್ನೆ ನಿಮ್ಮತ್ತ ಬಂದರೆ ‘ಅವರನ್ನೇ ಕೇಳಿ ಡಾಕ್ಟರೇ’ ಎನ್ನಿ. ಉತ್ತರ ತಡವಾದರೂ ನೀವು ಬಾಯಿ ಹಾಕಬೇಡಿ.