ತಾತನ ಟ್ರಂಕಲ್ಲಿ ಟೂ ಟೂ ತೋಟಾ ಸಿಕ್ಕಿದೆ, ಮಾರ್ಬೋದಾ?

ಪ್ರಶ್ನೆ: ಸರ್ ನಮಸ್ಕಾರ, ನಮ್ದು ಪಾಂಡವಪುರ ತಾಲೂಕು, ದಯವಿಟ್ಟು ಹೆಸರು ಹಾಕ್ಬೇಡಿ. ಹಳೇ ಮನೆ ಕೆಡವೋಕೆ ಮುಂಚೆ ಅಟ್ಟ ಖಾಲಿ ಮಾಡ್ತಿದ್ವಿ, ತಾತನ ಟ್ರಂಕಲ್ಲಿ ಪಂಚೆ ತುಂಡಲ್ಲಿ ಸುತ್ತಿಟ್ಟಿದ್ದ ರಟ್ಟಿನ ಡಬ್ಬಿ ಸಿಕ್ತು, ಒಳಗೆ ಒಂದಿಂಚು ಉದ್ದದ ಹಿತ್ತಾಳೆ ತೋಟಾ 37 ಇವೆ, ಕೆಲವಕ್ಕೆ ಹಸಿರು ಕಿಲುಬು ಹಿಡಿದಿದೆ. ತಾತ ಟೂ ಟೂ (.22) ರೈಫಲ್ ಇಟ್ಕೊಂಡಿದ್ರು, ಅವ್ರು ಇದ್ದಾಗ್ಲೇ ಅದನ್ನ ಅಂಗಡಿಗೆ ಕೊಟ್ಟು ಲೈಸೆನ್ಸೂ ವಾಪಸ್ ಮಾಡಿದ್ರು, ಅವ್ರು ತೀರ್ಕೊಂಡು 11 ವರ್ಷ ಆಯ್ತು. ನಮ್ ಭಾಮೈದ ಮೈಸೂರಲ್ಲಿ ಹಳೇ ನಾಣ್ಯ ಕೊಳ್ಳೋರ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕ್ತೀನಿ ಅಂತಿದಾನೆ, ಅಮೆರಿಕಾದಲ್ಲಿ ಇಂಥ ಡಬ್ಬಿಗೆ ಒಳ್ಳೆ ರೇಟಂತೆ. ಮಾರ್ಬೋದಾ? ಇದರ ಕಥೆ ಏನು ಅಂತಾನೂ ತಿಳ್ಕೋಬೇಕು ಅಂತ ಆಸೆ.

ಉತ್ತರ: ಮೊದ್ಲು ಭಾಮೈದಂಗೆ ಫೋನ್ ಮಾಡಿ ಫೋಟೋ ಹಾಕ್ಬೇಡ ಅನ್ನಿ, ಆಮೇಲೆ ಮಿಕ್ಕಿದ್ದು ಓದಿ. ಮಾರೋ ಹಾಗಿಲ್ಲ. ಮನೇಲಿ ಇಟ್ಕೊಳೋ ಹಾಗೂ ಇಲ್ಲ. ಯಾಕೆ ಅಂತ ಹೇಳ್ತೀನಿ, ಆದ್ರೆ ನೀವು ಕಥೆನೂ ಕೇಳಿದ್ದೀರಲ್ಲ, ಅದು ನಂಗೆ ಬಹಳ ಇಷ್ಟದ ವಿಷಯ, ಅದನ್ನೇ ಮೊದ್ಲು ಹೇಳ್ಬಿಡ್ತೀನಿ.

ನಮ್ ಕಡೆ ಕೇಪಿನ ಕೋವಿ ಅಂತಿದ್ರಲ್ಲ, ನಳಿಗೆಗೆ ಮದ್ದು ತುಂಬಿ, ಗುಂಡು ಜಡಿದು, ಹಿಂದೆ ಒಂದು ತಾಮ್ರದ ಕೇಪು ಸಿಗಿಸಿ ಹೊಡೆಯೋದು. 1845ರ ಹೊತ್ತಿಗೆ ಫ್ರಾನ್ಸಿನ ಫ್ಲೋಬೇರ್ ಅನ್ನೋರು ಆ ಕೇಪಿನ ಬಾಯಿಗೇ ಒಂದು ಸಣ್ಣ ಸೀಸದ ಗುಂಡು ಕೂರಿಸಿಬಿಟ್ರು. ಬೇರೆ ಮದ್ದೇ ಇಲ್ಲ, ಕೇಪು ಸಿಡಿಯೋ ಜೋರಿಗೇ ಗುಂಡು ಹೋಗುತ್ತೆ, ಶ್ರೀಮಂತರು ಮನೆ ಹಜಾರದಲ್ಲೇ ಗುರಿ ಇಟ್ಟು ಆಡೋರು. ನಿಮ್ ಡಬ್ಬಿಲಿರೋ ತೋಟಾದ ಮುತ್ತಾತ ಅದೇ. 1857ರಲ್ಲಿ ಅಮೆರಿಕಾದ ಸ್ಮಿತ್ ಅಂಡ್ ವೆಸನ್ ಕಂಪನಿ ತನ್ನ ಮೊದಲನೇ ಮಾಡೆಲ್ ರಿವಾಲ್ವರಿಗೆ ಅಂತ ಆ ಕೇಪನ್ನೇ ಉದ್ದ ಮಾಡಿ, ಒಳಗೆ 4 ಗ್ರೇನ್ ಕರಿಮದ್ದು, ಅಂದ್ರೆ ಕಾಲು ಗ್ರಾಂಗಿಂತ ಚೂರೇ ಚೂರು ಜಾಸ್ತಿ, ಹಾಕಿ 29 ಗ್ರೇನ್ ಗುಂಡು ಕೂರಿಸ್ತು. ಅದಕ್ಕೀಗ .22 ಶಾರ್ಟ್ ಅಂತಾರೆ (.22 ಅನ್ನೋದು ಇಂಚಿನ ಲೆಕ್ಕದಲ್ಲಿ ಗುಂಡಿನ ದಪ್ಪ, ಅದನ್ನೇ ಟೂ ಟೂ ಅನ್ನೋದು), ಇವತ್ತಿಗೂ ತಯಾರಾಗುತ್ತೆ. 1871ರಲ್ಲಿ .22 ಲಾಂಗ್ ಬಂತು, 1887ರಲ್ಲಿ ಸ್ಟೀವನ್ಸ್ ಕಂಪನಿಯ .22 ಲಾಂಗ್ ರೈಫಲ್ ಬಂತು, 40 ಗ್ರೇನ್ ಗುಂಡು. ಒಂದಿಂಚು ಉದ್ದ ಅಂದ್ರಲ್ಲ, ನಿಮ್ದು ಬಹುಶಃ ಇದೇ, ಡಬ್ಬಿ ಮೇಲೇ ಲಾಂಗ್ ರೈಫಲ್ ಅಂತ ಬರೆದಿರುತ್ತೆ.

ತೋಟಾದ ತಳ ನೋಡಿದ್ರೆ ಒಂದು ಅಕ್ಷರ ಕಾಣ್ಬೋದು. ವಿಂಚೆಸ್ಟರ್ ಕಂಪನಿಯವ್ರು ಎಚ್ ಅಂತ ಒತ್ತುತಿದ್ರು, 1860ರ ಹೆನ್ರಿ ರೈಫಲ್ ಮಾಡಿದ ಟೈಲರ್ ಹೆನ್ರಿಯವರ ನೆನಪಿಗೆ. ಯು ಅಂತಿದ್ರೆ ಯೂನಿಯನ್ ಮೆಟಾಲಿಕ್, ಆ ಕಂಪನಿ ಆಮೇಲೆ ರೆಮಿಂಗ್ಟನ್ ಜೊತೆ ಸೇರ್ಕೊಂಡ್ತು. ಹೊರಗಿನ ಸಂಗ್ರಾಹಕರು ಹುಡುಕೋದು ಇಂಥ ಅಕ್ಷರಾನ, ಡಬ್ಬಿ ಮೇಲಿನ ಚಿತ್ರಾನ. ಇನ್ನೊಂದು ಸಂಗತಿ, ಹಳೇ ಕಾಲದ ತೋಟಾ ಸಿಡಿದ ಮೇಲೆ ನಳಿಗೆ ಒಳಗೆ ಉಪ್ಪಿನಂಥ ಕರಟು ಬಿಡ್ತಿತ್ತು, ಅದು ತೇವ ಎಳ್ಕೊಂಡು ರಾತ್ರಿ ಕಳೆಯೋದ್ರೊಳಗೆ ತುಕ್ಕು ಹಿಡಿಯೋದು, ಅದಕ್ಕೇ ಹಳಬರು ಶಿಕಾರಿಯಿಂದ ಬಂದ ತಕ್ಷಣ ನಳಿಗೆಗೆ ಬಿಸಿನೀರು ಹುಯ್ದು ತೊಳೀತಿದ್ರು, 1920ರ ದಶಕದ ಕೊನೇಲಿ ತುಕ್ಕು ಹಿಡಿಸದ ಮದ್ದು ಬಂದ ಮೇಲೆ ಆ ಕಷ್ಟ ನಿಧಾನಕ್ಕೆ ತಪ್ತು.

ಈಗ ಅಮೆರಿಕಾ ವಿಷಯ. ಭಾಮೈದ ಹೇಳಿದ್ದು ಸುಳ್ಳಲ್ಲ. ಅಲ್ಲಿ 1968ರ ಕಾನೂನಿನ ಪ್ರಕಾರ ಅಂಗಡಿಯೋರು ತೋಟಾ ಕೊಂಡೋರ ಹೆಸರು ಬರ್ಕೋಬೇಕಿತ್ತು, 1982ರಲ್ಲಿ .22ಕ್ಕೆ ಅದನ್ನ ತೆಗೆದ್ರು, 1986ರಲ್ಲಿ ಮಿಕ್ಕಿದ್ದಕ್ಕೂ ಹೆಚ್ಚುಕಮ್ಮಿ ತೆಗೆದ್ರು, ಹಂಗಾಗಿ ಅಲ್ಲಿ ಸುಮಾರು ರಾಜ್ಯಗಳಲ್ಲಿ ಜನ ಜನಾನೇ ಮಾರ್ಕೋತಾರೆ. 50ರ ಡಬ್ಬಿ 10 ಸೇರಿದ್ರೆ 500, ಅದಕ್ಕೆ ಇಟ್ಟಿಗೆ ಅಂತಾನೇ ಹೆಸರು. 2012ರ ಕೊನೇಲಿ ಬಂದೂಕು ಕಾನೂನು ಬಿಗಿ ಆಗುತ್ತೆ ಅನ್ನೋ ಭಯಕ್ಕೆ ಎಲ್ರೂ ಇಟ್ಟಿಗೆಗಟ್ಲೆ ಕೊಂಡು ಪೇರಿಸಿಟ್ರು, ಅಂಗಡೀಲಿ .22 ಸಿಗೋದೇ ನಿಂತೋಯ್ತು, ಕೊಂಡಿಟ್ಟೋರು ಎರಡು ಮೂರು ಪಟ್ಟು ರೇಟಿಗೆ ಮಾರಿದ್ರು, ಆ ಬರ ವರ್ಷಗಟ್ಲೆ ಇತ್ತು. ಯೂಟ್ಯೂಬಲ್ಲಿ ನೋಡೋದೆಲ್ಲ ಆ ದೇಶದ ಮಾತು, ಅದನ್ನ ತಂದು ಪಾಂಡವಪುರದಲ್ಲಿ ಮಾಡೋಕೆ ಆಗಲ್ಲ.

ನಮ್ಮಲ್ಲಿ 1959ರ ಆಯುಧ ಕಾಯ್ದೆ ಇದೆ. ಅದರ 3ನೇ ಸೆಕ್ಷನ್ ಪ್ರಕಾರ ಬಂದೂಕಿಗೆ ಮಾತ್ರ ಅಲ್ಲ ತೋಟಾಗೂ ಲೈಸೆನ್ಸ್ ಬೇಕು, 37 ಇರ್ಲಿ ಒಂದೇ ಇರ್ಲಿ. ಹಳೇದು, ಕಿಲುಬು ಹಿಡಿದಿದೆ, ಪುರಾತನ ವಸ್ತು ಅನ್ನೋ ವಾದ ಬೇಡ, ಕಾಯ್ದೇಲಿ ಹಳೇ ಕಾಲದ್ದಕ್ಕೆ ಕೊಟ್ಟಿರೋ ವಿನಾಯಿತಿ ರಿಪೇರಿ ಮಾಡಿದ್ರೂ ಕೆಲಸಕ್ಕೆ ಬಾರದ ಆಯುಧಕ್ಕೆ, ಸಿಡಿಯೋ ತೋಟಾಗಲ್ಲ. ಕೊಡಗಿನೋರಿಗೆ ಲೈಸೆನ್ಸ್ ಬೇಡ ಅಲ್ವಾ ಅಂತ ಕೇಳ್ತೀರೇನೋ, ಕೊಡವರಿಗೂ ಅಲ್ಲಿನ ಜಮ್ಮಾ ಅನ್ನೋ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಇರೋ ಆ ವಿನಾಯಿತಿ ಸದ್ಯಕ್ಕೆ 2029ರ ತನಕ ಇದೆ, ಅದು ಅವ್ರಿಗೆ ಮಾತ್ರ. ಖಾಸಗಿಯಾಗಿ ಮಾರೋಕೆ ದಾರಿನೇ ಇಲ್ಲ ಅಂತಲ್ಲ. 5ನೇ ಸೆಕ್ಷನ್ನಲ್ಲಿ ಇದೆ. ಲೈಸೆನ್ಸ್ ಇರೋನು ತನ್ನ ಸ್ವಂತ ಬಳಕೆಗೆ ಇಟ್ಕೊಂಡಿದ್ದನ್ನ, ಇಟ್ಕೊಳೋ ಹಕ್ಕಿರೋ ಇನ್ನೊಬ್ಬರಿಗೆ ಕೊಡ್ಬೋದು, ಆದ್ರೆ ಜಿಲ್ಲಾ ಮ್ಯಾಜಿಸ್ಟ್ರೇಟ್‌ಗೆ, ಮಂಡ್ಯದಲ್ಲಿ ಅಂದ್ರೆ ಡಿಸಿಗೆ, ಇಲ್ಲಾ ಹತ್ರದ ಠಾಣೆಗೆ, ಕೊಳ್ಳೋರ ಹೆಸರು ವಿಳಾಸ ಸಮೇತ ಬರೆದುಕೊಟ್ಟು 45 ದಿನ ಕಾಯಬೇಕು. ನೀವು ಲೈಸೆನ್ಸ್‌ದಾರರೇ ಅಲ್ವಲ್ಲ, ಹಂಗಾಗಿ ಈ ದಾರಿ ನಿಮಗಿಲ್ಲ. ಈ ಸೆಕ್ಷನ್ ಮೀರಿ ಮಾರಿದ್ರೆ 2019ರ ತಿದ್ದುಪಡಿ ಆದ್ಮೇಲೆ ಕನಿಷ್ಠ 7 ವರ್ಷ ಜೈಲು, ಜೀವಾವಧಿ ತನಕಾನೂ ಹೋಗ್ಬೋದು. ಬರೀ ಇಟ್ಕೊಂಡ್ರೂ 2ರಿಂದ 5 ವರ್ಷ. ಹೆದರಿಸೋಕೆ ಹೇಳ್ತಿಲ್ಲ, ವಾಟ್ಸಾಪ್ ಫೋಟೋ ಒಂದರಿಂದ ಮನೆಮಂದಿಗೆಲ್ಲ ಎಷ್ಟು ಕಷ್ಟ ಬರ್ಬೋದು ಅಂತ ಗೊತ್ತಿರ್ಲಿ ಅಂತ.

ನಿಮಗೆ ಒಂದು ಸಮಾಧಾನದ ಮಾತೂ ಇದೆ. ಗೊತ್ತಿಲ್ದೆ ಮನೇಲಿ ಬಿದ್ದಿದ್ರೆ ಅದು ಅಪರಾಧ ಆಗಲ್ಲ, ತಿಳಿದು ಇಟ್ಕೊಂಡಿರ್ಬೇಕು ಅಂತ ಸುಪ್ರೀಂ ಕೋರ್ಟು 1972ರ ಗುನ್ವಂತ್‌ಲಾಲ್ ಕೇಸಲ್ಲೇ ಹೇಳಿದೆ. ಆದ್ರೆ ಈಗ ನಿಮಗೆ ಗೊತ್ತಾಗಿದೆ ಅಲ್ವಾ, ಅದಕ್ಕೇ ತಡ ಮಾಡ್ಬೇಡಿ. 21ನೇ ಸೆಕ್ಷನ್ ಹೇಳೋದೂ ಅದೇ, ಇಟ್ಕೊಳೋ ಹಕ್ಕು ಮುಗಿದಿದ್ದನ್ನ ವಿನಾಕಾರಣ ತಡ ಮಾಡದೆ ಠಾಣೆಗೋ ಲೈಸೆನ್ಸ್ ಇರೋ ಡೀಲರ್‌ಗೋ ಒಪ್ಪಿಸಿ ಅಂತ. ಡಬ್ಬಿ ಇದ್ದಲ್ಲೇ ಇರ್ಲಿ, ಮಕ್ಕಳು ಆ ಕಡೆ ಹೋಗದ ಹಾಗೆ ನೋಡ್ಕೊಳಿ, ಬಸ್ಸಲ್ಲಿ ಬ್ಯಾಗಿಗೆ ಹಾಕ್ಕೊಂಡು ಓಡಾಡ್ಬೇಡಿ. ಮೊದ್ಲು ಡಬ್ಬಿ ತಗೊಳ್ದೆ ಠಾಣೆಗೆ ಹೋಗಿ ಇಲ್ಲಾ ಫೋನ್ ಮಾಡಿ, ಹಿಂಗೆ ಸಿಕ್ಕಿದೆ, ನೀವೇ ಬಂದು ತಗೋತೀರಾ ನಾವು ತರ್ಬೇಕಾ ಅಂತ ಕೇಳಿ. ಯಾವತ್ತು, ಯಾರಿಗೆ, ಎಲ್ಲಿ ಸಿಕ್ತು, ಎಷ್ಟಿದೆ, ಡಬ್ಬಿ ಮೇಲೆ ಏನಿದೆ ಅಂತ ಎರಡು ಪ್ರತಿ ಅರ್ಜಿ ಬರೀರಿ, ತಾತನ ಮರಣಪತ್ರದ ಜೆರಾಕ್ಸ್, ಹಳೇ ಲೈಸೆನ್ಸ್ ಪುಸ್ತಕ ಸಿಕ್ಕಿದ್ರೆ ಅದರದ್ದೂ ಸೇರಿಸಿ, ಒಂದು ಪ್ರತಿಗೆ ಸೀಲು ಸಹಿ ಹಾಕಿಸ್ಕೊಂಡೇ ಬನ್ನಿ. ಮನಸ್ಸು ತಡೀದಿದ್ರೆ ಒಬ್ರು ಲಾಯರನ್ನ ಜೊತೆಗೆ ಕರ್ಕೊಂಡು ಹೋಗಿ.

ಕಿಲುಬು ಹೋಗ್ಲಿ ಅಂತ ಹುಣಸೆಹಣ್ಣು ಹಾಕಿ ಉಜ್ಜೋದು, ಗುಂಡು ಕಿತ್ತು ಮದ್ದು ಸುರಿಯೋದು, ಒಲೆಗೆ ಹಾಕೋದು, ಇವ್ಯಾವ್ದೂ ಬೇಡ್ವೇ ಬೇಡ. ಯಾಕೆ ಅಂತ ಮುಂದಿನ ಉತ್ರದಲ್ಲಿದೆ. ತಾತನ ನೆನಪಿಗೆ ಖಾಲಿ ರಟ್ಟಿನ ಡಬ್ಬಿ ಬೇಕಿದ್ರೆ ಠಾಣೇಲೇ ಕೇಳಿ ನೋಡಿ, ಕೇಳೋದ್ರಲ್ಲಿ ತಪ್ಪೇನಿಲ್ಲ.

ಪ್ರಶ್ನೆ: ನಾನು ಮೈಸೂರಲ್ಲಿ ಡಿಗ್ರಿ ಓದ್ತಿದೀನಿ, ಎನ್‌ಸಿಸಿ ಕ್ಯಾಂಪಲ್ಲಿ .22 ರೈಫಲ್ ಹೊಡೆದ್ವಿ. ದೊಡ್ಡ ತೋಟಾಗಳ ತಳದಲ್ಲಿ ಮಧ್ಯೆ ಒಂದು ಗುಂಡಿ ಥರ ಕೇಪು ಇರುತ್ತೆ, ಇದರಲ್ಲಿ ಇಲ್ವಲ್ಲ, ಬೆಂಕಿ ಎಲ್ಲಿಂದ ಹತ್ತುತ್ತೆ?

ಉತ್ತರ: ಒಳ್ಳೆ ಪ್ರಶ್ನೆ ಕಣಪ್ಪ, ನಾನೂ ಮೊದ್ಲು ಹೊಡೆದಿದ್ದು ಎನ್‌ಸಿಸಿ ಟೂ ಟೂನೇ, ನಂಗೂ ಇದೇ ಅನುಮಾನ ಬಂದಿತ್ತು. ತಳದ ಸುತ್ತ ಒಂದು ಅಂಚು ಇದೆ ನೋಡು, ಅದು ಗಟ್ಟಿ ಅಲ್ಲ, ಒಳಗೆ ಟೊಳ್ಳು. ಫ್ಯಾಕ್ಟರೀಲಿ ಸಿಡಿಮದ್ದನ್ನ ಒದ್ದೆ ಇರೋವಾಗ್ಲೇ ತಳಕ್ಕೆ ಹಾಕಿ ತೋಟಾನ ಗಿರ್ರನೆ ತಿರುಗಿಸ್ತಾರೆ, ಮದ್ದು ಹೋಗಿ ಅಂಚಿನ ಟೊಳ್ಳಲ್ಲಿ ಕೂತ್ಕೊಳುತ್ತೆ. ಕುದುರೆ ಎಳೆದಾಗ ರೈಫಲಿನ ಸೂಜಿ ಬಂದು ಆ ಅಂಚನ್ನ ಜಜ್ಜಿದ್ರೆ ಕಿಡಿ ಹತ್ತುತ್ತೆ. ಅಂದ್ರೆ ಅಂಚಿನ ಯಾವ ಜಾಗ ಜಜ್ಜಿದ್ರೂ ಹತ್ತೋ ವಸ್ತು ಅದು, ಅದಕ್ಕೇ ಮೇಲಿನ ಉತ್ರದಲ್ಲಿ ಉಜ್ಬೇಡಿ ಕೀಳ್ಬೇಡಿ ಅಂದಿದ್ದು, ಹೊರಗೆ ಸಿಡಿದ್ರೆ ಹಿತ್ತಾಳೆ ಚೂರು ಕಣ್ಣಿಗೇ ಬರುತ್ತೆ. ಅಂಚು ಜಜ್ಜಿ ಹೋಗೋವಷ್ಟು ತೆಳ್ಳಗಿರ್ಬೇಕಲ್ಲ, ಹಂಗಾಗಿ ಜಾಸ್ತಿ ಒತ್ತಡ ತಡೆಯಲ್ಲ, ದೊಡ್ಡ ರೈಫಲ್ಗಳು ಬೇರೆ ದಾರಿ ಹಿಡಿದಿದ್ದು ಅದಕ್ಕೆ. ಒಂದ್ಸಲ ಹೊಡೆದ ತೋಟಾನ ಮತ್ತೆ ತುಂಬೋಕಾಗಲ್ಲ. ಅಂಚಿನ ಒಂದು ಕಡೆ ಮದ್ದು ಕಮ್ಮಿ ಬಿದ್ದಿದ್ರೆ ಟಕ್ ಅಂತ ಬರೀ ಶಬ್ದ ಬರುತ್ತೆ, ಆಗ ನಳಿಗೇನ ಗುರಿ ಕಡೆಗೇ ಹಿಡ್ಕೊಂಡು 30 ಸೆಕೆಂಡ್ ಕಾಯಿ, ಉಸ್ತಾದರು ಹೇಳೋ ತನಕ ಬೋಲ್ಟ್ ಎಳೀಬೇಡ. ಇಷ್ಟು ಸಣ್ಣದು ಅಂತ ಹಗುರ ಮಾಡ್ಬೇಡ, ಸೆಕೆಂಡಿಗೆ ಸುಮಾರು 330 ಮೀಟರ್ ವೇಗ, ಒಂದು ಮೈಲಿ ತನಕ ಹೋಗುತ್ತೆ. 2024ರ ಪ್ಯಾರಿಸ್ ಒಲಿಂಪಿಕ್ಸಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲಲ್ಲಿ ಕಂಚು ಗೆದ್ದಿದ್ದೂ ಇದೇ ತೋಟಾದಲ್ಲೇ.

ಪ್ರಶ್ನೆ: ನಂಗೆ .22 ಲೈಸೆನ್ಸ್ ಇದೆ, ಫ್ರೆಂಡಿಗೂ ಇದೆ. ಮ್ಯಾಚಿಗೆ ಹೋದಾಗ ಅವನ ಹತ್ರ ಒಂದು ಡಬ್ಬಿ ಕೈಗಡ ತಗೋಬೋದಾ? (ಮೈಸೂರು)

ಉತ್ತರ: ತಗೋಬೇಡಿ. ನಿಮ್ ಕಷ್ಟ ಅರ್ಥ ಆಗುತ್ತೆ, ಒಂದೊಂದು ನಳಿಗೆಗೆ ಒಂದೊಂದು ಲಾಟಿನ, ಅಂದ್ರೆ ಒಟ್ಟಿಗೇ ತಯಾರಾದ ಕಂತಿನ, ತೋಟಾನೇ ಒಗ್ಗೋದು, ಒಂದೇ ಕಂಪನಿದಾದ್ರೂ ಲಾಟ್ ಬದಲಾದ್ರೆ ಗುರಿ ಮೇಲೆ ಗುಂಡುಗಳು ಒಂದೇ ಕಡೆ ಬೀಳದೆ ಚದುರುತ್ತವೆ, ಅವನ ಹತ್ರ ಇರೋ ಲಾಟ್ ನಿಮಗೆ ಚೆನ್ನಾಗಿ ಕೂತಿರ್ಬೋದು. ಆದ್ರೆ ಅವನ ತೋಟಾ ಅವನ ಲೈಸೆನ್ಸ್ ಪುಸ್ತಕದಲ್ಲಿ ಏರಿದೆ, ನಿಮ್ದು ನಿಮ್ ಪುಸ್ತಕದಲ್ಲಿ, ಕೈಗಡಕ್ಕೂ ಮೇಲೆ ಹೇಳಿದ 45 ದಿನದ ನಿಯಮಾನೇ. ಆ ಲಾಟ್ ನಂಬರ್ ಬರ್ಕೊಂಡು ನಿಮ್ ಡೀಲರ್‌ಗೆ ಕೊಡಿ, ಸೀಸನ್ ಶುರುವಾಗೋಕೆ ಮುಂಚೇನೇ ತರಿಸಿ ಲೈಸೆನ್ಸಲ್ಲಿ ಬರೆಸ್ಕೊಳಿ.