ನಮ್ಮ ಬೀದಿಯಲ್ಲಿ ವಾಹನಗಳ ವೇಗ ತಗ್ಗಿಸಲು ನಿವಾಸಿಗಳ ಸಂಘ ಏನು ಮಾಡಬಹುದು?

ಸಂಘ ಇದ್ದರೂ ಏನೂ ಆಗುತ್ತಿಲ್ಲ, ಮನೆ ಮುಂದೆ ಬೈಕು, ಕಾರು ಹಾರಿಕೊಂಡು ಹೋಗುತ್ತವೆ, ಹಂಪ್ ಹಾಕಿಸುವುದು ಹೇಗೆ ಅಂತ ಕೇಳಿದ್ದೀರಿ. ನಾನು ಶಿವಮೊಗ್ಗದ ವಿನೋಬನಗರದ ಕಡೆಯವನು. ನಮ್ಮ ಬೀದಿಯ ಸಂಘದಲ್ಲಿ ಕೆಲವು ವರ್ಷಗಳಿಂದ ಓಡಾಡುತ್ತಿದ್ದೇನೆ. ಹಂಪ್ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಆ ರಸ್ತೆ ಯಾರದ್ದು ಅಂತ ಪತ್ತೆ ಮಾಡಿ.

ನಮಗೆ ಇದು ಗೊತ್ತಿಲ್ಲದೆ ಒಂದಿಡೀ ವರ್ಷ ಹೋಯಿತು. ಒಂದು ಕಚೇರಿಗೆ ಅರ್ಜಿ ಕೊಟ್ಟರೆ ನಮ್ಮದಲ್ಲ ಅಂದರು, ಇನ್ನೊಂದಕ್ಕೆ ಹೋದರೆ ಅಲ್ಲೂ ಅದೇ ಮಾತು. ಊರೊಳಗಿನ ರಸ್ತೆ ಎಲ್ಲ ಪಾಲಿಕೆಯದ್ದೇ ಅಂದುಕೊಂಡಿರುತ್ತೇವೆ, ಅಲ್ವಾ? ಹಾಗಿಲ್ಲ. ನಾವು ಸಾಗರ ರಸ್ತೆ ಅನ್ನುವುದು ತುಮಕೂರು-ಹೊನ್ನಾವರ ರಾಷ್ಟ್ರೀಯ ಹೆದ್ದಾರಿ, ಹಳೇ ನಂಬರ್ 206, ಈಗಿನದು 69. ಕೆಲವು ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಹೊಸ ಬಡಾವಣೆಯಾದರೆ ಅದು ಪಾಲಿಕೆಗೆ ಹಸ್ತಾಂತರ ಆಗಿದೆಯೋ ಇಲ್ಲವೋ ನೋಡಬೇಕು. ಆಗದಿದ್ದರೆ ಪಾಲಿಕೆ ಬಾಗಿಲು ಎಷ್ಟು ತಟ್ಟಿದರೂ ಪ್ರಯೋಜನ ಇಲ್ಲ. ಬಾಯಿಮಾತಿನಲ್ಲಿ ಹೇಳದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಿ, 30 ದಿನದಲ್ಲಿ ಬರವಣಿಗೆಯಲ್ಲೇ ಉತ್ತರ ಕೊಡಬೇಕು. ಆ ಒಂದು ಹಾಳೆ ಕೈಯಲ್ಲಿದ್ದರೆ ಮುಂದೆ ಯಾರೂ ನಿಮ್ಮನ್ನು ಸುಮ್ನೆ ಅಲೆಸುವುದಿಲ್ಲ.

ಈಗ ಹಂಪ್. ದಯವಿಟ್ಟು ನೀವೇ ಹಾಕಿಕೊಳ್ಳಬೇಡಿ. ನಾವು ಆ ತಪ್ಪು ಮಾಡಿದ್ದೆವು. ಚಂದಾ ಎತ್ತಿ, ಪಕ್ಕದಲ್ಲಿ ಕೆಲಸ ನಡೆಸುತ್ತಿದ್ದವರಿಂದ ಉಳಿದ ಜಲ್ಲಿ-ಡಾಂಬರು ತಂದು ಒಂದು ರಾತ್ರಿಯಲ್ಲಿ ದಿಣ್ಣೆ ಮಾಡಿಬಿಟ್ಟೆವು. ಬಣ್ಣ ಬಳಿಯುವುದು ನಾಳೆ ಅಂತ ಬಿಟ್ಟದ್ದು ಹಾಗೇ ಉಳಿಯಿತು. ಜುಲೈ ತಿಂಗಳು, ಸಂಜೆ ಏಳು ಗಂಟೆ, ಮಳೆ ಹೊಯ್ಯುತ್ತಿತ್ತು, ಕರೆಂಟೂ ಇರಲಿಲ್ಲ. ಒದ್ದೆ ಡಾಂಬರಿನ ಮೇಲೆ ಆ ಕಪ್ಪು ದಿಣ್ಣೆ ಕಾಣುವುದೇ ಇಲ್ಲ. ನಮ್ಮ ಬೀದಿಯ ಹುಡುಗನೇ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಸ್ಕೂಟರಿನಲ್ಲಿ ನಿಧಾನವಾಗಿಯೇ ಬರುತ್ತಿದ್ದ. ಅಮ್ಮ ಹಿಂದಕ್ಕೆ ಎಗರಿ ಬಿದ್ದರು. ಕೈಯಲ್ಲಿದ್ದ ಕೊಡೆ ಚರಂಡಿಗೆ ಹೋಗಿತ್ತು, ಮಣಿಕಟ್ಟು ಮುರಿದಿತ್ತು. ಅವರನ್ನು ಎತ್ತಿ ಕೂರಿಸಿದವರಲ್ಲಿ ನಾನೂ ಒಬ್ಬ. ಮಾರನೇ ದಿನವೇ ಅದನ್ನು ಕೆತ್ತಿಸಿದೆವು.

ಹಂಪಿಗೆ ಲೆಕ್ಕ ಇದೆ. ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್. ಅದರ ಪ್ರಕಾರ ಎತ್ತರ 10 ಸೆಂಟಿಮೀಟರ್, ಗಾಡಿ ಹೋಗುವ ದಿಕ್ಕಿನಲ್ಲಿ ಅಗಲ 3.7 ಮೀಟರ್. ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗದಲ್ಲಿ ಮೆತ್ತಗೆ ಹತ್ತಿ ಇಳಿಯುವ ಹಾಗೆ. ಬಣ್ಣ ಮತ್ತು ಮುಂಚೆಯೇ ಕಾಣುವ ಫಲಕ ಇರಲೇಬೇಕು. ನಾವು ಮಾಡಿದ್ದು ಒಂದೂವರೆ ಅಡಿ ಅಗಲದ್ದು, ಅದು ಬೆನ್ನು ಮುರಿಯುತ್ತದೆಯೇ ಹೊರತು ವೇಗ ಕಲಿಸುವುದಿಲ್ಲ. ಇನ್ನು ರಾಷ್ಟ್ರೀಯ ಹೆದ್ದಾರಿಯಲ್ಲಿ ಹಂಪಿಗೆ ಸಾಮಾನ್ಯವಾಗಿ ಒಪ್ಪುವುದೇ ಇಲ್ಲ. ಅದಕ್ಕೆ ನಿಮ್ಮ ಅಡ್ಡರಸ್ತೆ ಹೆದ್ದಾರಿಗೆ ಸೇರುವ ಮೊದಲು, ಅಡ್ಡರಸ್ತೆಯಲ್ಲಿ ಕೇಳಿ.

ಅರ್ಜಿ ಬರೆಯುವ ಮೊದಲು ಒಂದು ವಾರ ಕೂತು ನೋಡಿ. ನಾವು ಮೂರು ಜನ ನೋಟ್‌ಬುಕ್ ಹಿಡಿದು ಬೆಳಿಗ್ಗೆ ಎಂಟರಿಂದ ಒಂಬತ್ತು ಮೂಲೆಮನೆಯ ಜಗಲಿಯಲ್ಲಿ ಕೂತೆವು. ಅಡಿಕೆ ಲಾರಿ, ಜಲ್ಲಿ ಟಿಪ್ಪರ್ ಇವೇ ಕಾರಣ ಅಂತ ಎಲ್ಲರೂ ಬೈಯುತ್ತಿದ್ದೆವು. ನೋಡಿದರೆ ಜೋರಾಗಿ ಹೋಗುತ್ತಿದ್ದವರಲ್ಲಿ ಜಾಸ್ತಿ ಜನ ಮಕ್ಕಳನ್ನು ಶಾಲೆಗೆ ಬಿಡಲು ತಡವಾದ ನಮ್ಮವರೇ! ಆ ವಿಷಯಕ್ಕೆ ಯಾವ ಕಚೇರಿಗೂ ಹೋಗಬೇಕಾಗಿರಲಿಲ್ಲ. ಮುಂದಿನ ಸಭೆಯಲ್ಲಿ ಯಾರ ಹೆಸರೂ ಎತ್ತದೆ ನೋಟ್‌ಬುಕ್ ಓದಿದೆವು, ಅಷ್ಟೇ. ಗೇಟಿಲ್ಲದ ಮನೆಯ ಪುಟ್ಟ ಮಕ್ಕಳು ಎಲ್ಲಿ ರಸ್ತೆ ದಾಟುತ್ತಾರೆ, ಬೆಳೆದ ಬೇಲಿ ಎಲ್ಲಿ ತಿರುವನ್ನು ಮುಚ್ಚಿದೆ ಅನ್ನುವುದೂ ಆಗಲೇ ಗೊತ್ತಾಯಿತು. ಬೇಲಿ ಸವರಲು ಅರ್ಧ ದಿನ ಸಾಕಾಯಿತು.

ರಸ್ತೆ ಅಭಿವೃದ್ಧಿ ಬರುತ್ತಿದೆ ಅಂತ ಸುದ್ದಿ ಸಿಕ್ಕರೆ ಡಾಂಬರು ಬೀಳುವ ಮೊದಲೇ ನಕ್ಷೆ ಕೇಳಿ. 2016ರಲ್ಲಿ ನಮ್ಮೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಎಷ್ಟೋ ರಸ್ತೆ ನಯವಾದವು. ನಯವಾದ ರಸ್ತೆಯಲ್ಲಿ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ. ಫುಟ್‌ಪಾತ್ ಎಲ್ಲಿ ಮುಗಿಯುತ್ತದೆ, ದಾಟಲು ಎಲ್ಲಿ ಜಾಗ ಬಿಟ್ಟಿದ್ದಾರೆ, ಬೀದಿದೀಪದ ಕಂಬ ಎಲ್ಲಿ ಬರುತ್ತದೆ, ಇದನ್ನೆಲ್ಲ ಕೇಳಲು ಅದೇ ಸರಿಯಾದ ಹೊತ್ತು. ನಮ್ಮ ಕಡೆ ಮಳೆ ಹಿಡಿದರೆ ಡಾಂಬರಿನ ಕೆಲಸ ನಿಲ್ಲುತ್ತದೆ, ಹಾಗಾಗಿ ದೀಪಾವಳಿ ಮುಗಿದ ಕೂಡಲೇ ಬೆನ್ನು ಹತ್ತಿ. ಏಪ್ರಿಲ್‌ನಲ್ಲಿ ಹೋದರೆ ತಡವಾಯಿತು ಅಂತಲೇ ಲೆಕ್ಕ.

ಅಪಘಾತ ಪದೇ ಪದೇ ಆಗುವ ಜಾಗವಾದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಅರ್ಜಿಯ ಒಂದು ಪ್ರತಿ ಕೊಡಿ. ಪೊಲೀಸರು, ಸಾರಿಗೆ, ಲೋಕೋಪಯೋಗಿ ಎಲ್ಲರೂ ಒಂದೇ ಮೇಜಿನಲ್ಲಿ ಕೂರುವುದು ಅಲ್ಲೇ. ಫೋಟೊ ಇರಲಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಬನ್ನಿ.

ಸಂಘ ಇದ್ದೂ ಏನೂ ಆಗುತ್ತಿಲ್ಲ ಅಂದಿರಲ್ಲ, ಅದು ನನಗೆ ತುಂಬಾ ತಟ್ಟಿತು. ನಮ್ಮಲ್ಲೂ ಹಾಗೇ ಅನ್ನುತ್ತಿದ್ದರು. ಕೆಲಸ ನಡೆಯುತ್ತಿತ್ತು, ಜನರಿಗೆ ತಿಳಿಯುತ್ತಿರಲಿಲ್ಲ. ಈಗ ಗಣಪತಿ ಗುಡಿಯ ಗೋಡೆಗೆ ತಿಂಗಳಿಗೊಂದು ಹಾಳೆ ಅಂಟಿಸುತ್ತೇವೆ. ಯಾವ ದಿನ ಏನು ಕೇಳಿದೆವು, ಅವರು ಏನಂದರು, ಮತ್ತೆ ಯಾವಾಗ ಹೋಗಬೇಕು, ಯಾರು ಹೋಗುತ್ತಾರೆ. ಏನೂ ಆಗದ ತಿಂಗಳು "ಏನೂ ಆಗಲಿಲ್ಲ" ಅಂತಲೇ ಬರೆಯುತ್ತೇವೆ. ವಾಟ್ಸಾಪ್ ಇಲ್ಲದ ಹಿರಿಯರು ಹೂವು ತರಲು ಬಂದಾಗ ನಿಂತು ಓದುತ್ತಾರೆ. ಹೋದ ಸಲ ಪಾಲಿಕೆಗೆ ಹೋಗುವಾಗ ಮಣಿಕಟ್ಟು ಮುರಿದುಕೊಂಡಿದ್ದ ಆ ಅಮ್ಮನೇ ತಾನೂ ಬರುತ್ತೇನೆ ಅಂತ ಹೆಸರು ಬರೆಸಿದರು.